ಮಾಕಳಿ ಬೇರಿನ ಗುಣ ಅಳೆಯುವ ಬಗೆ



"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಆದರೆ ಈಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. ಬೇಲಿಯ ಬಳ್ಳಿ, ಬದುವಿನ ಕಸ, ಗುಡ್ಡದ ಬೇರು ಎಲ್ಲವೂ ಮದ್ದೇ ಎಂದು ಹೇಳುತ್ತಾ ಹಳ್ಳಿಗೆ ಬರುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರ ಕೈಯಲ್ಲಿ ಪ್ರಯೋಗಾಲಯದ ವರದಿಯೂ ಇರುತ್ತದೆ. "ಇದರಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ ಶೇಕಡ 90 ಇದೆ, ಎಂಥ ಕಾಯಿಲೆಯೂ ವಾಸಿಯಾಗುತ್ತದೆ, ನೀವು ಬೆಳೆದು ಕೊಡಿ" ಎಂದು ಅವರು ಹೇಳಿದಾಗ ಬೇಡವೆನ್ನುವುದು ಕಷ್ಟ. ಅಚ್ಚಾದ ಅಂಕಿಯ ಮುಂದೆ ನಾವೆಲ್ಲರೂ ಸ್ವಲ್ಪ ತಲೆಬಾಗುತ್ತೇವೆ.

ಆ ಅಂಕಿ ಎಲ್ಲಿಂದ ಬಂತು? ಅದನ್ನು ಅಳೆದವರು ಹೇಗೆ ಅಳೆದರು? ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಇದು ತಿಳಿಯದೆ ಎಕರೆಗಟ್ಟಲೆ ಭೂಮಿಯನ್ನೂ ಸಾಲದ ಹಣವನ್ನೂ ಹಾಕುವುದು ತರವಲ್ಲ. ಅದೇ ಅಂಕಿಯನ್ನು ನಂಬಿ ಮನೆಯ ರೋಗಿಯ ಔಷಧಿ ನಿಲ್ಲಿಸುವುದಂತೂ ಇನ್ನೂ ದೊಡ್ಡ ತಪ್ಪು. ಹಾಗೆಂದು ಈ ಪರೀಕ್ಷೆಗಳೆಲ್ಲ ಬೂಟಾಟಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಸರಿಯಾಗಿ ಬಳಸಿದರೆ ಅವು ಗಿಡಮೂಲಿಕೆ ಬೆಳೆಯುವ ರೈತನಿಗೆ ಬಹಳ ಉಪಯುಕ್ತ. ನಮ್ಮ ನಾಡಿನದೇ ಆದ ಮಾಕಳಿ ಬೇರನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗಿಡದ ಪರಿಚಯ

ಮಾಕಳಿ ಬೇರನ್ನು ಮಾಗಳಿ ಬೇರು, ವಾಗಣಿ ಬೇರು ಎಂದೂ ಕರೆಯುವುದುಂಟು. ತಮಿಳಿನಲ್ಲಿ ಮಾಗಾಳಿ ಕಿಳಂಗು, ತೆಲುಗಿನಲ್ಲಿ ಮಾರೆಡು ಕೊಮ್ಮುಲು ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಇದು ಮರ ಬಂಡೆಗಳನ್ನು ಆಧರಿಸಿ ಹಬ್ಬುವ ಬಳ್ಳಿ. ಕಾಂಡವನ್ನು ಮುರಿದರೆ ಎಕ್ಕದ ಗಿಡದಂತೆ ಹಾಲು ಒಸರುತ್ತದೆ. ಎಲೆಗಳು ಎದುರು ಬದುರಾಗಿರುತ್ತವೆ. ಕಾಯಿಗಳು ಜೋಡಿಯಾಗಿ ಬರುತ್ತವೆ. ಒಣಗಿ ಬಿರಿದಾಗ ರೇಷ್ಮೆಯಂಥ ಕೂದಲಿನ ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ. ನೆಲದೊಳಗೆ ಬೆರಳು ಗಾತ್ರದಿಂದ ಮುಂಗೈ ಗಾತ್ರದವರೆಗಿನ ರಸಭರಿತ ಬೇರುಗಳು ಗೊಂಚಲಾಗಿ ಇಳಿದಿರುತ್ತವೆ. ದಕ್ಷಿಣ ಕರ್ನಾಟಕದ ಬಂಡೆಗುಡ್ಡಗಳು, ಬಿಳಿಗಿರಿರಂಗನ ಬೆಟ್ಟದ ಸೀಮೆ, ತಮಿಳುನಾಡು ಮತ್ತು ಆಂಧ್ರದ ಒಣ ಕಾಡುಗಳು ಇದರ ನೆಲೆ.

ಮೈಸೂರು ಸೀಮೆಯವರಿಗೆ ಈ ಬೇರನ್ನು ಪರಿಚಯಿಸಬೇಕಾಗಿಲ್ಲ. ಮೇಲಿನ ಸಿಪ್ಪೆ ಹೆರೆದು, ನಡುವಿನ ನಾರುಕಡ್ಡಿ ತೆಗೆದು, ಹೋಳು ಮಾಡಿ, ನಿಂಬೆರಸ ಅಥವಾ ಮಜ್ಜಿಗೆಯಲ್ಲಿ ಉಪ್ಪು, ಖಾರ, ಸಾಸಿವೆಯೊಡನೆ ಹಾಕಿಟ್ಟ ಉಪ್ಪಿನಕಾಯಿಯ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದಲ್ಲ. ಆ ಘಮಕ್ಕೆ ಮುಖ್ಯ ಕಾರಣ ವೆನಿಲ್ಲಾದ ಸುಗಂಧಕ್ಕೆ ಹತ್ತಿರದ ಬಂಧುವಾದ ಒಂದು ರಾಸಾಯನಿಕ. ವೆನಿಲಿನ್ ಮತ್ತು ಇದು, ಎರಡರಲ್ಲೂ ಇರುವ ಪರಮಾಣುಗಳು ಅವೇ. ಜೋಡಣೆ ಮಾತ್ರ ಬೇರೆ.

ಬೇರು ಕಿತ್ತರೆ ಗಿಡ ಉಳಿಯುವುದು ಕಷ್ಟ. ಉಪ್ಪಿನಕಾಯಿಗೆ, ಶರಬತ್ತಿಗೆ ಮತ್ತು ಔಷಧಿ ಅಂಗಡಿಗಳಿಗೆ ಹೋಗುವ ಬೇರಿನ ಬಹುಪಾಲು ಕಾಡಿನಿಂದಲೇ ಅಗೆದು ತಂದದ್ದಾದ್ದರಿಂದ ಈ ಬಳ್ಳಿ ಈಗ ಅಳಿವಿನ ಭೀತಿಯಲ್ಲಿರುವ ಸಸ್ಯಗಳ ಸಾಲಿಗೆ ಸೇರಿದೆ. ನಾಮದ ಬೇರು ಅಥವಾ ಸೊಗದೆ ಬೇರು ಎನ್ನುವ ಸಾರಿವೆಯ ಬದಲಿಗೆ ಇದನ್ನು ಮಾರುವುದೂ ಉಂಟು. ಆದರೆ ಸಾರಿವೆಯ ಬೇರು ತಂತಿಯಂತೆ ಸಣ್ಣಗೆ, ಕಂದಾಗಿರುತ್ತದೆ. ಮಾಕಳಿ ದಪ್ಪ, ಮೃದು.

ಉತ್ಕರ್ಷಣ ಎಂದರೇನು?

ಬದನೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಮಳೆಗೆ ನೆನೆದ ನೇಗಿಲಿನ ಗುಳ ತುಕ್ಕು ಹಿಡಿಯುತ್ತದೆ. ತೆರೆದಿಟ್ಟ ಕಡಲೆಕಾಯಿ ಎಣ್ಣೆ ಕಮಟು ವಾಸನೆ ಬರುತ್ತದೆ. ಈ ಮೂರರಲ್ಲೂ ಗಾಳಿಯ ಆಮ್ಲಜನಕದ ಕೈವಾಡವಿದೆ. ಇಂಥ ಕ್ರಿಯೆಗೆ ಉತ್ಕರ್ಷಣ ಎಂದು ಹೆಸರು.

ನಮ್ಮ ದೇಹದೊಳಗೂ ಉಸಿರಾಟ ಮತ್ತು ಆಹಾರ ದಹನದ ಕಾಲದಲ್ಲಿ ಇಂಥ ಕ್ರಿಯೆಗಳು ನಡೆಯುತ್ತವೆ. ಆಗ ಹುಟ್ಟುವ ಕೆಲವು ಕಣಗಳಲ್ಲಿ ಜೋಡಿ ಇರಬೇಕಾದ ಎಲೆಕ್ಟ್ರಾನು ಒಂಟಿಯಾಗಿರುತ್ತದೆ. ಇವೇ ಮುಕ್ತ ರ‍್ಯಾಡಿಕಲ್‌ಗಳು. ಜೊತೆಗಾರನಿಲ್ಲದ ಎತ್ತು ಕೊಟ್ಟಿಗೆಯಲ್ಲಿ ಸುಮ್ಮನಿರದಂತೆ, ಇವು ಪಕ್ಕದ ಕಣದಿಂದ ಎಲೆಕ್ಟ್ರಾನು ಕಿತ್ತುಕೊಳ್ಳಲು ನುಗ್ಗುತ್ತವೆ, ಕಿತ್ತುಕೊಂಡಲ್ಲಿ ಹಾನಿಯಾಗುತ್ತದೆ. ಮುಪ್ಪಿಗೆ ಇದೇ ಒಂದು ಕಾರಣವಿರಬಹುದೆಂದು ಅಮೆರಿಕದ ಡೆನ್‌ಹ್ಯಾಮ್ ಹರ್ಮನ್ 1956 ರಲ್ಲಿ ಸೂಚಿಸಿದರು. ತಾನೇ ಎಲೆಕ್ಟ್ರಾನು ಕೊಟ್ಟು ಇಂಥ ಕಣಗಳನ್ನು ತಣ್ಣಗಾಗಿಸುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್. ನಿಂಬೆ, ನೆಲ್ಲಿಗಳ ಸಿ ಜೀವಸತ್ವ, ಎಣ್ಣೆಕಾಳುಗಳ ಇ ಜೀವಸತ್ವ, ಚಹಾ ಮತ್ತು ಅಳಲೆಕಾಯಿಯ ಒಗರು ಪದಾರ್ಥಗಳು ಈ ಜಾತಿಗೆ ಸೇರಿದವು.

ಮನೆಯಲ್ಲೇ ಮಾಡಿ ನೋಡಿ

ಪ್ರಯೋಗಾಲಯದ ಪರೀಕ್ಷೆಯ ಮರ್ಮ ತಿಳಿಯಲು ಒಂದು ಸುಲಭ ಪ್ರಯೋಗವಿದೆ. ಗಾಯಕ್ಕೆ ಹಚ್ಚುವ ಅಯೊಡೀನ್ ಟಿಂಚರನ್ನು ಒಂದು ಚೊಂಬು ನೀರಿಗೆ ತಿಳಿಗಂದು ಬಣ್ಣ ಬರುವಷ್ಟು ಹನಿ ಹಾಕಿ ಕಲಕಿ. ಅದನ್ನು ಮೂರು ಗಾಜಿನ ಲೋಟಗಳಿಗೆ ಸಮನಾಗಿ ಹಂಚಿ. ಮೊದಲನೆಯದಕ್ಕೆ ಬರೀ ನೀರನ್ನೂ, ಎರಡನೆಯದಕ್ಕೆ ಸೋಸಿದ ನಿಂಬೆರಸವನ್ನೂ, ಮೂರನೆಯದಕ್ಕೆ ಸೋಸಿದ ನೆಲ್ಲಿಕಾಯಿ ರಸವನ್ನೂ ಹನಿ ಹನಿಯಾಗಿ, ಎಣಿಸುತ್ತಾ ಹಾಕಿ. ನೀರು ಹಾಕಿದ ಲೋಟದಲ್ಲಿ ಬಣ್ಣ ಉಳಿಯುತ್ತದೆ. ನಿಂಬೆರಸಕ್ಕೆ ಬಣ್ಣ ಹೋಗುತ್ತದೆ. ನೆಲ್ಲಿರಸವಾದರೆ ಇನ್ನೂ ಕಡಿಮೆ ಹನಿ ಸಾಕು.

ಇದರಿಂದ ಮೂರು ಪಾಠಗಳು ದೊರೆಯುತ್ತವೆ. ಬಣ್ಣ ಹೋಗುವುದನ್ನು ನೋಡಿ ಶಕ್ತಿಯನ್ನು ಅಳೆಯಬಹುದು. ಕಡಿಮೆ ಹನಿ ಬೇಕಾದರೆ ಶಕ್ತಿ ಹೆಚ್ಚು. ಬರೀ ನೀರಿನ ಲೋಟವೊಂದನ್ನು ಹೋಲಿಕೆಗೆ ಇಡದಿದ್ದರೆ ಅಳತೆಗೆ ಬೆಲೆಯಿಲ್ಲ. ಈ ದ್ರವವನ್ನು ಮಾತ್ರ ಯಾರೂ ಕುಡಿಯಬಾರದು. ಪ್ರಯೋಗ ಮುಗಿದ ಕೂಡಲೇ ಚೆಲ್ಲಿ ಲೋಟ ತೊಳೆಯಬೇಕು.

ಪರೀಕ್ಷೆಗೆ ಮೊದಲು ಮಾದರಿ

ಮಣ್ಣು ಪರೀಕ್ಷೆಗೆ ಹೊಲದ ಒಂದೇ ಮೂಲೆಯ ಮಣ್ಣು ಕಳಿಸಿದರೆ ಪ್ರಯೋಜನವಿಲ್ಲವೆಂದು ನೀವು ಬಲ್ಲಿರಿ. ಬೇರಿಗೂ ಅದೇ ನಿಯಮ. ಒಂದೇ ಗಿಡದ ದಪ್ಪ ಬೇರನ್ನು ಆರಿಸಿ ಕಳಿಸದೆ, ಹಲವು ಗಿಡಗಳಿಂದ ದಪ್ಪ ಸಣ್ಣ ಬೇರುಗಳನ್ನು ಸ್ವಲ್ಪ ಸ್ವಲ್ಪ ತೆಗೆದು ಬೆರೆಸಬೇಕು. ಗಿಡ ಇಂಥದೇ ಎಂದು ಸಸ್ಯಶಾಸ್ತ್ರ ಬಲ್ಲವರಿಂದ ಖಚಿತಪಡಿಸಿಕೊಂಡು, ಎಲೆ ಹೂವುಳ್ಳ ಒಂದು ಕೊಂಬೆಯನ್ನು ಒಣಗಿಸಿ ಇಡುವುದು ವಾಡಿಕೆ.

ಅನಂತರ ಬೇರನ್ನು ತೊಳೆದು, ಹೋಳು ಮಾಡಿ, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯುತ್ತಾರೆ. ಗೊತ್ತಾದ ತೂಕದ ಪುಡಿಯನ್ನು ನೀರು, ಆಲ್ಕೊಹಾಲ್ ಅಥವಾ ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ದ್ರವವನ್ನು ಆವಿ ಮಾಡಿ ಸಾರ ತೆಗೆಯುತ್ತಾರೆ. ಯಾವ ದ್ರವದಲ್ಲಿ ತೆಗೆದ ಸಾರ ಎಂಬುದು ಬಹಳ ಮುಖ್ಯ. ಕಷಾಯಕ್ಕೆ ಬರುವುದು ನೀರಿನಲ್ಲಿ ಕರಗುವ ಅಂಶ ಮಾತ್ರ. ಮೆಥನಾಲ್ ವಿಷ, ಅದರಲ್ಲಿ ತೆಗೆದ ಸಾರದ ಅಂಕಿಯನ್ನು ನಿಮ್ಮ ಮನೆಯ ಕಷಾಯಕ್ಕೆ ಹಚ್ಚಲು ಬರುವುದಿಲ್ಲ.

ನೇರಳೆ ಬಣ್ಣದ ಪರೀಕ್ಷೆ

ಗಿಡಮೂಲಿಕೆಗಳ ವರದಿಯಲ್ಲಿ ಅತಿ ಹೆಚ್ಚಾಗಿ ಕಾಣುವುದು ಡಿ.ಪಿ.ಪಿ.ಎಚ್. ಪರೀಕ್ಷೆ. ಡಿ.ಪಿ.ಪಿ.ಎಚ್. ಎಂಬುದು ಸೀಸೆಯಲ್ಲಿ ಹಿಡಿದಿಡಬಹುದಾದ ಒಂದು ಮುಕ್ತ ರ‍್ಯಾಡಿಕಲ್. ಇದನ್ನು ಬಳಸಿ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಳೆಯುವ ಬಗೆಯನ್ನು ಮಾರ್ಸ್‌ಡೆನ್ ಬ್ಲಾಯ್ಸ್ 1958 ರಲ್ಲಿ ಪ್ರಕಟಿಸಿದರು. ಸುಮಾರು 4 ಮಿಲಿಗ್ರಾಂ ಪುಡಿಯನ್ನು 100 ಮಿ.ಲೀ. ಮೆಥನಾಲ್‌ಗೆ ಹಾಕಿದರೆ ನೇರಳೆ ಹಣ್ಣಿನಂಥ ಗಾಢ ಬಣ್ಣ ಬರುತ್ತದೆ. ಬೇರಿನ ಸಾರವನ್ನು ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿಟ್ಟರೆ, ಸಾರದಲ್ಲಿ ಶಕ್ತಿಯಿದ್ದಷ್ಟು ಬಣ್ಣ ಇಳಿದು ಹಳದಿಗೆ ತಿರುಗುತ್ತದೆ. ಎಷ್ಟು ಇಳಿಯಿತೆಂಬುದನ್ನು ಕಣ್ಣಿನಿಂದಲ್ಲ, 517 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯಿಸುವ ಯಂತ್ರದಿಂದ ಓದುತ್ತಾರೆ.

ಲೆಕ್ಕ ಸುಲಭ. ಇಲ್ಲಿನ ಅಂಕಿಗಳನ್ನು ಲೆಕ್ಕ ತಿಳಿಯಲೆಂದು ಮಾತ್ರ ಹಾಕಿದೆ. ಸಾರ ಹಾಕದ ನಳಿಕೆಯ ಓದು 0.80 ಇದೆ ಎನ್ನಿ. ಸಾರ ಹಾಕಿದ ನಳಿಕೆಯ ಓದು 0.20 ಕ್ಕೆ ಇಳಿಯಿತು. ಇಳಿದದ್ದು 0.60. ಅದನ್ನು 0.80 ರಿಂದ ಭಾಗಿಸಿ 100 ರಿಂದ ಗುಣಿಸಿದರೆ ಶೇಕಡ 75. ವರದಿಯಲ್ಲಿ ಕಾಣುವ "ಶೇಕಡ ಇಷ್ಟು ಶಕ್ತಿ" ಎಂಬುದು ಇದೇ. ಬೇರಿನ ಶೇಕಡ 75 ಭಾಗ ಔಷಧಿ ಎಂದು ಇದರ ಅರ್ಥವಲ್ಲ. ಕಾಯಿಲೆ ಶೇಕಡ 75 ವಾಸಿಯಾಗುತ್ತದೆ ಎಂದಂತೂ ಅಲ್ಲವೇ ಅಲ್ಲ. ನಳಿಕೆಯಲ್ಲಿದ್ದ ನೇರಳೆ ಬಣ್ಣದ ಮುಕ್ಕಾಲು ಪಾಲು ಹೋಯಿತು ಎಂದಷ್ಟೇ. ಸಾರವನ್ನು ಇನ್ನಷ್ಟು ಸುರಿದರೆ ಯಾವ ಒಗರು ಗಿಡವೂ ಶೇಕಡ 90 ಮುಟ್ಟುತ್ತದೆ.

ಆದ್ದರಿಂದ ತಿಳಿದವರು ಬರೀ ಶೇಕಡಾವಾರು ಹೇಳುವುದಿಲ್ಲ. ಅರ್ಧ ಬಣ್ಣ ಇಳಿಸಲು ಎಷ್ಟು ಸಾರ ಬೇಕಾಯಿತು ಎಂದು ಹೇಳುತ್ತಾರೆ. ಇದಕ್ಕೆ ಐ.ಸಿ. 50 ಎನ್ನುತ್ತಾರೆ. ಮೊದಲ ಚೀಲದ ಬೇರಿಗೆ ಪ್ರತಿ ಮಿ.ಲೀ.ಗೆ 60 ಮೈಕ್ರೋಗ್ರಾಂ, ಎರಡನೆಯ ಚೀಲಕ್ಕೆ 120 ಮೈಕ್ರೋಗ್ರಾಂ ಬೇಕಾಯಿತೆಂದರೆ ಮೊದಲನೆಯದೇ ಎರಡು ಪಾಲು ಶಕ್ತಿಯದು. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಮಾಲು ಉತ್ತಮ ಎಂಬುದನ್ನು ಮರೆಯಬಾರದು. ಹಾಗೆಯೇ, ಪರೀಕ್ಷೆಯನ್ನು ಮೂರು ಸಲವಾದರೂ ಮಾಡಿರಬೇಕು; ಜೊತೆಗೆ ಸಿ ಜೀವಸತ್ವದಂಥ ಗೊತ್ತಾದ ವಸ್ತುವನ್ನೂ ಅದೇ ದಿನ ಅಳೆದು ಪಕ್ಕದಲ್ಲಿ ಬರೆದಿರಬೇಕು. ಡಿ.ಪಿ.ಪಿ.ಎಚ್. ಎಷ್ಟು ಹಾಕಿದರು, ಎಷ್ಟು ಹೊತ್ತು ಇಟ್ಟರು ಎಂಬುದರ ಮೇಲೆ ಅಂಕಿ ಬದಲಾಗುವುದರಿಂದ, ಒಂದು ಊರಿನ ಪ್ರಯೋಗಾಲಯದ ಅಂಕಿಯನ್ನು ಇನ್ನೊಂದು ಊರಿನದಕ್ಕೆ ನೇರವಾಗಿ ಹೋಲಿಸಬಾರದು. ಬೇರೆ ಬೇರೆ ಸೇರುಗಳಲ್ಲಿ ಅಳೆದ ರಾಗಿಯನ್ನು ಹೋಲಿಸಿದಂತಾದೀತು.

ಇತರ ಪರೀಕ್ಷೆಗಳು

ಒಂದೇ ಪರೀಕ್ಷೆಯನ್ನು ನೆಚ್ಚುವ ಹಾಗಿಲ್ಲ. ಫೋಲಿನ್ ದ್ರಾವಣ ಹಾಕಿ ನೀಲಿ ಬಣ್ಣ ಬರಿಸಿ, ಒಟ್ಟು ಫೀನಾಲಿಕ್ ಅಂಶ, ಅಂದರೆ ಒಗರು ಜಾತಿಯ ಪದಾರ್ಥಗಳನ್ನು ಅಳೆಯುತ್ತಾರೆ. ಉತ್ತರವನ್ನು ಒಂದು ಗ್ರಾಂ ಪುಡಿಯಲ್ಲಿ ಇಷ್ಟು ಮಿಲಿಗ್ರಾಂ ಗ್ಯಾಲಿಕ್ ಆಮ್ಲಕ್ಕೆ ಸಮ ಎಂದು ಬರೆಯುತ್ತಾರೆ. ಸಿ ಜೀವಸತ್ವವೂ ಕೆಲವು ಸಕ್ಕರೆಗಳೂ ಈ ದ್ರಾವಣಕ್ಕೆ ಬಣ್ಣ ಕೊಡುವುದರಿಂದ ಅಂಕಿ ಸ್ವಲ್ಪ ಉಬ್ಬುವುದುಂಟು. 1996 ರಲ್ಲಿ ಬೆಂಝಿ ಮತ್ತು ಸ್ಟ್ರೇನ್ ಪ್ರಕಟಿಸಿದ ಫ್ರಾಪ್ ವಿಧಾನದಲ್ಲಿ, ಕಬ್ಬಿಣದ ಲವಣವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಶಕ್ತಿಯನ್ನು ನೀಲಿ ಬಣ್ಣದಿಂದಲೇ ಓದುತ್ತಾರೆ. ಎಣ್ಣೆ ಕೊಬ್ಬುಗಳು ಕಮಟುವುದನ್ನು ಸಾರ ಎಷ್ಟು ತಡೆಯುತ್ತದೆಂದು ನೋಡುವ ಪರೀಕ್ಷೆಗಳೂ ಇವೆ. ಇಂಥ ಎರಡು ಮೂರು ವಿಧಾನಗಳು ಒಂದೇ ದಿಕ್ಕಿನಲ್ಲಿ ಹೇಳಿದಾಗ ಮಾತ್ರ ಭರವಸೆ ಮೂಡುತ್ತದೆ.

ಅಂಕಿ ಮೋಸ ಮಾಡುವ ಬಗೆ

ಮೊದಲನೆಯದು, ನೀರಿನ ಮೋಸ. 100 ಕಿ.ಗ್ರಾಂ ಹಸಿ ಬೇರು ಒಣಗಿ 25 ಕಿ.ಗ್ರಾಂ ಆಯಿತೆನ್ನಿ. ಆಗ ಒಂದು ಗ್ರಾಂ ಒಣ ಪುಡಿಯಲ್ಲಿ ಹಸಿಯದಕ್ಕಿಂತ ನಾಲ್ಕು ಪಟ್ಟು ಶಕ್ತಿ ಕಂಡರೆ ಅದರಲ್ಲಿ ವಿಶೇಷವೇನೂ ಇಲ್ಲ. ನೀರು ಹೋಗಿದೆ, ಅಷ್ಟೇ. ಒಣ ಬೇರಿನ ಪುಡಿಯನ್ನು ಹಸಿ ಹಣ್ಣಿನೊಡನೆ ಹೋಲಿಸಿ "ಹತ್ತು ಪಟ್ಟು ಶ್ರೇಷ್ಠ" ಎನ್ನುವ ಜಾಹೀರಾತುಗಳ ಗುಟ್ಟು ಬಹಳ ಸಲ ಇಷ್ಟೇ ಆಗಿರುತ್ತದೆ.

ಎರಡನೆಯದು, ಸಾರದ ಪ್ರಮಾಣ. ಸಾರ ಬಹಳ ಶಕ್ತಿಯದಾಗಿರಬಹುದು. ಆದರೆ ಒಂದು ಕಿಲೋ ಬೇರಿನಿಂದ ಅದು ಎಷ್ಟು ಗ್ರಾಂ ಬಂತು? ಅದನ್ನು ಹೇಳದಿದ್ದರೆ, ಎಕರೆಗೆ ಎಷ್ಟು ಚೀಲ ಎಂದು ಹೇಳದೆ ಭತ್ತದ ತಳಿಯ ರುಚಿಯನ್ನಷ್ಟೇ ಹೊಗಳಿದಂತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಪರೀಕ್ಷೆಗಳಿಗೆ ಗಿಡದ ಗುರುತು ಸಿಗುವುದಿಲ್ಲ. ನೇರಳೆ ಬಣ್ಣ ಇಳಿಸಿದ್ದು ಮಾಕಳಿಯೋ, ಚಹಾ ಸೊಪ್ಪೋ, ಮಾವಿನ ಚಕ್ಕೆಯೋ ಡಿ.ಪಿ.ಪಿ.ಎಚ್.ಗೆ ಗೊತ್ತಿಲ್ಲ. ಕಳಪೆ ಪುಡಿಗೆ ಒಂದಿಷ್ಟು ಅಳಲೆಕಾಯಿ ಪುಡಿ ಬೆರೆಸಿದರೆ ಅಂಕಿ ಏರಿಬಿಡುತ್ತದೆ. ಮಾಲು ಅಸಲಿ ಎಂದು ತಿಳಿಯಬೇಕಾದರೆ ತೆಳುಪದರ ವರ್ಣಲೇಖನದಂಥ ಬೇರೆ ಪರೀಕ್ಷೆ ಮಾಡಿ, ಆ ಗಿಡಕ್ಕೆ ವಿಶಿಷ್ಟವಾದ ವಸ್ತು ಇದೆಯೇ ಎಂದು ನೋಡಬೇಕು. ಮಾಕಳಿಗಾದರೆ ಮೇಲೆ ಹೇಳಿದ ಸುಗಂಧ ವಸ್ತು ಒಳ್ಳೆಯ ಗುರುತು. ಆದರೆ ಆ ವಸ್ತು ಸಾರಿವೆಯಲ್ಲೂ ಇರುವುದರಿಂದ ಬೇರಿನ ಆಕಾರವನ್ನೂ ನೋಡಿಯೇ ತೀರ್ಮಾನಿಸಬೇಕು.

ಮಾಕಳಿಯಲ್ಲಿ ಕಂಡದ್ದೇನು?

ಮಾಕಳಿಯ ಮೇಲೆ ಹೆಚ್ಚಿನ ಕೆಲಸ ನಡೆದದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು, ಈ ಬೇರಿನ ಸಾರ ದಾಸ್ತಾನು ಧಾನ್ಯವನ್ನು ಕೀಟಗಳಿಂದ ಕಾಪಾಡಬಲ್ಲದೆಂದು 1999 ರಲ್ಲಿ ವರದಿ ಮಾಡಿದರು. ಅದೇ ಸಂಸ್ಥೆಯಲ್ಲಿ ಡಾ. ಟಿ. ಶಿವಾನಂದಪ್ಪ ಮತ್ತು ಸಂಗಡಿಗರು ಬೇರಿನ ಮೆಥನಾಲ್ ಸಾರ ಹಾಗೂ ನೀರಿನ ಸಾರಗಳನ್ನು ಬಿಡಿಸಿ, ಉತ್ಕರ್ಷಣ ತಡೆಯುವ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ 2005 ಮತ್ತು 2006 ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಎಲಾಜಿಕ್ ಆಮ್ಲದಂಥ ಬಲ್ಲ ವಸ್ತುಗಳೂ ಇದ್ದವು, ಅದುವರೆಗೆ ಈ ಗುಣಕ್ಕೆ ಹೆಸರಾಗದಿದ್ದ ವಸ್ತುಗಳೂ ಇದ್ದವು. ಮುಂದೆ ಇಲಿಗಳಿಗೆ ಯಕೃತ್ತಿಗೆ ಹಾನಿ ಮಾಡುವ ರಾಸಾಯನಿಕ ಕೊಟ್ಟು ನೋಡಿದಾಗ, ಬೇರಿನ ಸಾರ ತಿಂದ ಇಲಿಗಳಲ್ಲಿ ಹಾನಿ ಕಡಿಮೆಯಾದದ್ದು ಕಂಡುಬಂದಿತು.

ಇದು ಸಣ್ಣ ಸಂಗತಿಯಲ್ಲ. ಉಪ್ಪಿನಕಾಯಿ ಜಾಡಿಯಲ್ಲೇ ಉಳಿದಿದ್ದ ಬೇರನ್ನು ನಿಷ್ಠೆಯಿಂದ ಅಳೆದು ನೋಡಿದ ಕೆಲಸ ಅದು. ಆದರೆ ಮೂರು ಮೆಟ್ಟಿಲು ನೆನಪಿಡಬೇಕು: ಗಾಜಿನ ನಳಿಕೆ, ಇಲಿ, ಮನುಷ್ಯ. ಮೇಲೆ ಹೇಳಿದ ಫಲಿತಾಂಶಗಳು ಮೊದಲ ಎರಡು ಮೆಟ್ಟಿಲಿನವು. ಕೀಟವನ್ನು ಕೊಲ್ಲುವ ಸಾರವೂ ಇದೇ ಬೇರಿನದು ಎಂಬುದನ್ನೂ ಗಮನಿಸಿ. ಊಟದ ಎಲೆಯ ತುದಿಯಲ್ಲಿ ಎರಡು ಹೋಳು ಉಪ್ಪಿನಕಾಯಿ ತಿನ್ನುವುದು ಬೇರೆ, ಗಟ್ಟಿ ಸಾರವನ್ನು ದಿನವೂ ನುಂಗುವುದು ಬೇರೆ.

ನಳಿಕೆಯಿಂದ ಮೈಗೆ ದೂರವಿದೆ

ಈ ದೂರ ಎಷ್ಟೆಂದು ತಿಳಿಯಲು ಎರಡು ನಿದರ್ಶನಗಳು ಸಾಕು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರನ್ನು ಆರಿಸಿ, ಅವರಲ್ಲಿ ಕೆಲವರಿಗೆ ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಹೆಸರಾಂತ ಉತ್ಕರ್ಷಣ ನಿರೋಧಕವನ್ನು ಗುಳಿಗೆಯಾಗಿ ಐದರಿಂದ ಎಂಟು ವರ್ಷ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಇಳಿಯಬಹುದೆಂಬ ನಿರೀಕ್ಷೆಯಿತ್ತು. 1994 ರಲ್ಲಿ ಫಲಿತಾಂಶ ಬಂದಾಗ, ಆ ಗುಳಿಗೆ ತಿಂದವರಲ್ಲಿ ಕ್ಯಾನ್ಸರ್ ಶೇಕಡ 18 ರಷ್ಟು ಹೆಚ್ಚಾಗಿತ್ತು. ಇನ್ನೊಂದು, ಅಮೆರಿಕದ ಕೃಷಿ ಇಲಾಖೆ ಆಹಾರ ಪದಾರ್ಥಗಳ ಉತ್ಕರ್ಷಣ ನಿರೋಧಕ ಅಂಕಿಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿತ್ತು. ನಳಿಕೆಯ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧ ಸಿದ್ಧವಾಗಿಲ್ಲ, ಆದರೂ ಮಾರಾಟಗಾರರು ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು 2012 ರಲ್ಲಿ ಆ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಕಾರಣವೂ ಅರ್ಥವಾಗುವಂಥದೇ. ನಾವು ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸೇರಿದ್ದು ಯಕೃತ್ತಿನಲ್ಲಿ ಬೇರೆ ರೂಪ ತಾಳುತ್ತದೆ. ಮುಕ್ತ ರ‍್ಯಾಡಿಕಲ್‌ಗಳೆಲ್ಲ ಕೆಟ್ಟವೂ ಅಲ್ಲ. ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ಅವನ್ನೇ ಬಳಸುತ್ತವೆ. ಆದ್ದರಿಂದ ನಳಿಕೆಯ ಅಂಕಿ ನೋಡಿ ಯಾರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಮುಂತಾದವುಗಳ ಔಷಧಿ ಬಿಡಬಾರದು. ಯಾವುದಾದರೂ ಬೇರಿನ ಪುಡಿ ತಿನ್ನುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ರೈತನಿಗೇನು ಉಪಯೋಗ?

ಇಷ್ಟೆಲ್ಲ ಓದಿ "ಈ ಅಳತೆಯೇ ಬೇಡ" ಎಂದು ನೀವು ಹೇಳಬಹುದು. ಹಾಗಲ್ಲ. ಮನುಷ್ಯನ ಕಾಯಿಲೆ ಅಳೆಯಲು ಬಾರದ ಈ ಕೋಲು, ನಿಮ್ಮ ಬೆಳೆಯ ಗುಣಮಟ್ಟ ಅಳೆಯಲು ಒಳ್ಳೆಯ ಕೋಲು. ಒಂದೇ ಹೊಲದ ಬೇರನ್ನು, ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ, ಒಣ ತೂಕದ ಲೆಕ್ಕದಲ್ಲಿ ಅಳೆಸಿದರೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ: ಎರಡು ವರ್ಷದ ಬೇರು ಉತ್ತಮವೋ, ನಾಲ್ಕು ವರ್ಷದ್ದೋ? ಬಿಸಿಲಲ್ಲಿ ಒಣಗಿಸಿದ್ದೋ, ನೆರಳಲ್ಲೋ? ಗೋಣಿಚೀಲದಲ್ಲಿ ಆರು ತಿಂಗಳಿಟ್ಟರೆ ಎಷ್ಟು ನಷ್ಟ, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ಎಷ್ಟು? ಯಾವ ಗಿಡದ ಸಂತತಿ ಬೆಳೆಸಲು ಯೋಗ್ಯ? ಇವು ನಿಮ್ಮ ಜೇಬಿಗೆ ಸಂಬಂಧಿಸಿದ ಪ್ರಶ್ನೆಗಳು.

ಈಗಲೇ ಪಾಲಿಸಬಹುದಾದ ಕೆಲವು ಕ್ರಮಗಳನ್ನು ಕೊಡಲಾಗಿದೆ.

1. ಬೇರನ್ನು ಕಿತ್ತ ದಿನವೇ ತೊಳೆಯಿರಿ. ಮಣ್ಣು ಸಹಿತ ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ.

2. ಇದರ ಸುಗಂಧ ವಸ್ತು ಆವಿಯಾಗುವಂಥದು. ಸಣ್ಣ ಹೋಳು ಮಾಡಿ, ಗಾಳಿಯಾಡುವ ನೆರಳಿನಲ್ಲಿ, ಶುಭ್ರ ಬಟ್ಟೆ ಅಥವಾ ಚಾಪೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿ. ಸುಡುಬಿಸಿಲು, ಒಲೆಯ ಕಾವು ಬೇಡ.

3. ಹೋಳು ಬಗ್ಗದೆ ಪಟ್ಟನೆ ಮುರಿಯುವಂತಾದ ಮೇಲೆ ಗಾಳಿಯಾಡದ ಡಬ್ಬದಲ್ಲಿ, ಬೆಳಕು ಬೀಳದ ತಂಪು ಸ್ಥಳದಲ್ಲಿಡಿ. ಪುಡಿ ಬೇಗ ಗುಣ ಕಳೆದುಕೊಳ್ಳುತ್ತದೆ. ಮಾರಾಟದವರೆಗೂ ಹೋಳಾಗಿಯೇ ಇರಲಿ.

4. ಪ್ರತಿ ಡಬ್ಬದ ಮೇಲೆ ಹೊಲದ ಗುರುತು, ಗಿಡದ ವಯಸ್ಸು, ಕಿತ್ತ ತಾರೀಖು, ಒಣಗಿಸಿದ ಬಗೆ ಬರೆಯಿರಿ. ಈ ನಾಲ್ಕು ಸಾಲಿಲ್ಲದ ಮಾದರಿಯ ಪರೀಕ್ಷೆಯಿಂದ ನೀವು ಏನನ್ನೂ ಕಲಿಯಲಾರಿರಿ.

5. ಗಿಡವನ್ನು ಬುಡಸಹಿತ ಕೀಳಬೇಡಿ. ಒಂದು ಪಕ್ಕದ ಮಣ್ಣು ಬಿಡಿಸಿ, ಬಲಿತ ಕೆಲವು ಬೇರು ಕತ್ತರಿಸಿ, ಉಳಿದವನ್ನು ಬಿಟ್ಟು ಮತ್ತೆ ಮಣ್ಣು ಮುಚ್ಚಿ ನೀರು ಹಾಕಿರಿ.

6. ಬೀಜ ಮೊಳೆಯುವ ಪ್ರಮಾಣ ಕಡಿಮೆ. ಕಾಯಿ ಬಿರಿಯುವ ಮುಂಚೆ ತೆಳು ಬಟ್ಟೆಯ ಚೀಲ ಕಟ್ಟಿ ಬೀಜ ಹಿಡಿದು, ತಾಜಾ ಇರುವಾಗಲೇ ಪಾತಿಗೆ ಹಾಕಿ. ಅಂಗಾಂಶ ಕೃಷಿಯಿಂದ ಸಸಿ ಪಡೆಯುವ ವಿಧಾನಗಳೂ ರೂಪುಗೊಂಡಿವೆ. ಮೊದಲಿಗೆ ಬೇಲಿ, ಬದು, ಮಾವಿನ ತೋಪಿನ ಅಂಚಿನಲ್ಲಿ ಹತ್ತಿಪ್ಪತ್ತು ಗಿಡ ಹಬ್ಬಿಸಿ ನೋಡುವುದು ಲೇಸು.

ಅನುಮತಿಯಿಲ್ಲದೆ ಕಾಡಿನಿಂದ ಬೇರು ತರುವುದು ಕಾನೂನಿಗೂ ವಿರುದ್ಧ, ಗಿಡದ ಉಳಿವಿಗೂ ವಿರುದ್ಧ. 2002 ರ ಜೀವವೈವಿಧ್ಯ ಕಾಯಿದೆಗೆ 2023 ರಲ್ಲಿ ತಿದ್ದುಪಡಿಯಾದ ಮೇಲೆ, ಬೆಳೆಸಿದ ಔಷಧಿ ಸಸ್ಯಗಳಿಗೆ ಕೆಲವು ರಿಯಾಯಿತಿಗಳಿವೆ. ಆದರೆ ಬೆಳೆದದ್ದೆಂದು ತೋರಿಸಬೇಕಾದರೆ ದಾಖಲೆ ಬೇಕು. ಆದ್ದರಿಂದ ನೆಟ್ಟ ಗಿಡಗಳ ಲೆಕ್ಕವನ್ನು ಇಟ್ಟುಕೊಂಡು, ಗ್ರಾಮ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ವಿಚಾರಿಸಿರಿ.

ಕೊಳ್ಳುವವನನ್ನು ಕೇಳಬೇಕಾದ ಪ್ರಶ್ನೆಗಳು

ಯಾರಾದರೂ ವರದಿ ಹಿಡಿದು ಬಂದು ಬೆಳೆಯಲು ಒತ್ತಾಯಿಸಿದರೆ, ಚಹಾ ಕೊಟ್ಟು ಕೂರಿಸಿ ಸಾವಧಾನವಾಗಿ ಇವನ್ನು ಕೇಳಿ.

ವರದಿಯಲ್ಲಿರುವ ಗಿಡದ ಶಾಸ್ತ್ರೀಯ ಹೆಸರೇನು, ಗುರುತಿಸಿದವರು ಯಾರು? ಯಾವ ದ್ರವದ ಸಾರ? ಹಸಿ ತೂಕವೋ, ಒಣ ತೂಕವೋ? ಬರೀ ಶೇಕಡಾವಾರೋ, ಐ.ಸಿ. 50 ಇದೆಯೋ? ಪಕ್ಕದಲ್ಲಿ ಸಿ ಜೀವಸತ್ವದ ಅಂಕಿ ಬರೆದಿದೆಯೋ? ಎಷ್ಟು ಸಲ ಅಳೆದರು? ನಳಿಕೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಕೊನೆಯದಾಗಿ, ಬೆಳೆ ಬಂದ ಮೇಲೆ ಯಾವ ದರಕ್ಕೆ, ಯಾವ ಗುಣಮಟ್ಟಕ್ಕೆ, ಎಷ್ಟು ದಿನದೊಳಗೆ ಹಣ ಕೊಡುವಿರಿ ಎಂಬುದನ್ನು ಛಾಪಾ ಕಾಗದದಲ್ಲಿ ಬರೆದು ಕೊಡುವಿರಾ?

ನಿಜವಾದ ವ್ಯಾಪಾರಿ ಇವಕ್ಕೆ ಉತ್ತರ ಕೊಡುತ್ತಾನೆ. ಕೆಲವಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ವಿಚಾರಿಸಿ ಬರುತ್ತೇನೆ ಎನ್ನುತ್ತಾನೆ. ಸಸಿಯ ಹಣ ಮುಂಗಡ ಕೇಳಿ, ಉಳಿದುದಕ್ಕೆ "ಕಂಪನಿ ನೋಡಿಕೊಳ್ಳುತ್ತದೆ" ಎನ್ನುವವನನ್ನು ಊರ ಬಾಗಿಲವರೆಗೆ ಬೀಳ್ಕೊಡುವುದೇ ಸರಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನೇರಳೆ ಬಣ್ಣ ಇಳಿಸಿದ್ದೆಲ್ಲ ಮದ್ದಲ್ಲ ಎಂದು ಅದಕ್ಕೆ ಸೇರಿಸಿಕೊಳ್ಳಬಹುದು. ಮಾಕಳಿ ಒಳ್ಳೆಯ ಬೇರು. ಅದರ ರುಚಿಗೆ, ಘಮಕ್ಕೆ ಮಾರುಕಟ್ಟೆ ಇದ್ದೇ ಇದೆ. ಇಲ್ಲದ ಮಹಿಮೆಯ ಹಂಗು ಅದಕ್ಕೆ ಬೇಕಿಲ್ಲ. ಗುಡ್ಡದಲ್ಲಿ ಉಳಿದಿರುವ ಬಳ್ಳಿಗಳನ್ನು ಅಲ್ಲಿಯೇ ಬಿಟ್ಟು, ನಿಮ್ಮ ಬದುವಿನಲ್ಲಿ ನಾಲ್ಕು ಹಬ್ಬಿಸಿರಿ. ಕಿತ್ತ ಬೇರನ್ನು ಜತನವಾಗಿ ಒಣಗಿಸಿ, ಅಳೆಸಿ, ಅಳತೆ ಹೇಳಿದಷ್ಟನ್ನೇ ನಂಬಿರಿ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.